ಪಂಚ

ಉಮದಿಯ ನಾಕಾದಾಗ ನಂದೊಂದು ಅಂಗಡಿ.
ಊರಿಗೆಲ್ಲ ನಾ ಪಂಕ್ಚರ ಗುರುಬಸು.
ಒಂದಿನ ಹವಾಲ್ದಾರ ಬಂದು ಹಾಳಿ ಚಾಚಿದ,
ಹೆಸರಿನಾಗ ಒಂದೂವರೆ ಅಕ್ಷರ ಉದುರಿ
ಪಂಚ ಗುರುಬಸು ಆದೆ.

ಕೈತುಂಬ ಗ್ರೀಸು. ಟ್ಯೂಬು ನೀರಾಗಿತ್ತು.
"ಸಹಿ ಹಾಕೊ, ಮ್ಯಾಲಿಂದು ನಾ ಬರಕೋತೀನಿ."
ಖಾಲಿ ಹಾಳಿಯ ತಳಕ್ಕ ಹೆಸರು ಬರದೆ,
ಯಾರೂ ಕೇಳದ ಕರೀ ಹೆಬ್ಬಟ್ಟೊಂದು
ಬಾಜೂಕ ತಾನಾಗೇ ಮೂಡಿತು.

ಮೂರು ವರ್ಷಕ್ಕ, ಜತ್ತದ ಕೋರ್ಟಿನಾಗ,
ಸರ್ಕಾರಿ ವಕೀಲರು ಅದನ್ನ ಮರಾಠಿಯೊಳಗ ಓದಿದ್ರು:
ಜಾಗಾ ನಾ ತೋರಿಸಿದ್ದೆನಂತ,
ಗಾಡಿ ನನ್ನ ಸಮಕ್ಷಮ ಜಪ್ತ ಆತಂತ,
ಟೇಪು ಹಿಡಿದು ಹದಿನೆಂಟು ಫೂಟು ಅಳದದ್ದು
ಕಣ್ಣಾರೆ ಕಂಡೆನಂತ.
ಕೇಳಕೋತ ನಿಂತೆ.
ಆ ಗುರುಬಸು ಭಾಳ ಕಾಳಜಿ ಇದ್ದ ಮನಿಷ್ಯಾ ಅನಿಸಿದ.

"ಹೌದೊ ಅಲ್ಲೊ?"
ಅಲ್ಲ ಅಂದೆ. ಅದೇ ಖರೆ.
ಹಾಳಿ ಖಾಲಿ ಇತ್ತು ಸಾಹೇಬ್ರ, ನಾ ಅಂಗಡಿ ಬಿಟ್ಟು ಎದ್ದಿಲ್ಲ.
ಫಿತೂರ ಅಂತ ಶರಾ ಬರದ್ರು.
ಅವರ ಮರಾಠಿಯಾಗ, ಸಾಕ್ಷಿ ತಿರುಗಿ ಬಿದ್ದಾನ ಅಂತ, ಅಷ್ಟ.
ನಮ್ಮ ಅಜ್ಜಿ ಆ ಮಾತು ಆಡಿದ್ರ
ಆಡಿದ ಮ್ಯಾಲ ಉಗುಳತಿದ್ದಳು.

ತುಷಾರ ಬಿರಾಜದಾರನ ವಕೀಲ ಎದ್ದ.
ನಂಬರ ಪ್ಲೇಟು ಯಾರೂ ನೋಡಿಲ್ಲ.
ಸಂಜಿ ಏಳು, ಕಂಬ ಅದ, ಬಲ್ಬಿಲ್ಲ.
ಹೊಡಸಿಕೊಂಡಾಕಿ ಹೇಳೂದು ಕೆಂಪು ಗಾಡಿ.
"ತಾಲೂಕಿನಾಗ ಕೆಂಪು ಗಾಡಿ ಎಷ್ಟ ಅದಾವು, ಸಾಹೇಬ್ರ?"
ಒಂದಿಬ್ಬರು ನಕ್ಕರು.
ಜೈನಬಿ ಮಣಿಯಾರ ಬಾಕಿನ ಮ್ಯಾಲ
ಎಡಗಾಲು ಮುಂದ ಚಾಚಿ ಕುಂತಿದ್ದಳು.
ಅದು ಮಡಚೂದಿಲ್ಲ ಈಗ.

ಸಂಶಯದ ಲಾಭ ಕೊಟ್ಟು ಬಿಟ್ಟಾರ.
ಲಾಭ ಅಂದ್ರ ನನಗೂ ಗೊತ್ತು, ವಹಿ ಬರಿಯಾಂವ.
ಒಬ್ಬಂಗ ಲಾಭ ಬಿದ್ದ ದಿನ
ಎದುರಿನ ಹಾಳ್ಯಾಗ ಯಾರದರ ನಷ್ಟ ಬೀಳಬೇಕು.
ಆ ಹಾಳಿ ಯಾರೂ ತಗೀಲಿಲ್ಲ.

ಕೇಳಿದ್ದಕ್ಕ ಖರೆ ಹೇಳಿದೆ.
ಕೇಳಲಾರದ್ದು ಇದು:

ಆ ರಾತ್ರಿ ಎಂಟಕ್ಕ ತುಷಾರ ಗಾಡಿ ನೂಕಿಕೊಂಡು ಬಂದ.
ಮುಂದಿನ ಗಾಲಿ ನೆಲಕ್ಕ ಕುಂತಿತ್ತು.
ಟೈರ ಬಿಚ್ಚಿ ಒಳಗ ಬಟ್ಟಿ ಆಡಿಸಿದೆ,
ಬಟ್ಟಿ ಹಿಡಿದು ಎಳೀತು:
ಹಸರು ಗಾಜು. ಉಗುರಿನಷ್ಟು. ಚೂರು ಬಾಗಿದ್ದು.
ಟ್ಯೂಬು ನೀರಿಗೆ ಅದ್ದಿದೆ. ಗುಳ್ಳಿ ಎದ್ದಲ್ಲಿ ತೂತು.
ಉಜ್ಜಿ, ಸಲೂಷನ್ ಹಚ್ಚಿ, ಊದಿ, ತೇಪಿ ಒತ್ತಿದೆ.
ಐವತ್ತು ಕೊಟ್ಟ, ಹತ್ತು ತಿರುಗಿ ಕೊಟ್ಟೆ.
ಜೈನಬಿಯ ಬುಟ್ಟಿ ಸುದ್ದಿ ಬಂದದ್ದು ಆಮ್ಯಾಲ,
ಮೂರು ಡಜನ್ ಹಸರು, ಎರಡು ಡಜನ್ ನೀಲಿ,
ಸಂಕದ ಹತ್ರ ರಸ್ತಿ ತುಂಬ.
ಹವಾಲ್ದಾರ ಬಂದದ್ದು ಅದಕ್ಕೂ ಎಂಟು ದಿನ ಆಮ್ಯಾಲ.
ಅಷ್ಟೊತ್ತಿಗೆ ನನಗ ಗೊತ್ತಿತ್ತು.

ಅವ ಹಾಳಿ ಚಾಚಿದ, ಪ್ರಶ್ನಿ ಚಾಚಲಿಲ್ಲ.
ಹಿಂಗ ನಾ ನನಗ ಹೇಳಕೋತೀನಿ,
ರಾತ್ರಿ ಶಟರ್ ಎಳಿಯೂ ಮುಂದ.

ಜೈನಬಿ ಈಗ ಪ್ಲಾಸ್ಟಿಕ್ ಬಳಿ ಮಾರತಾಳ,
ಬಿದ್ದರ ಸಪ್ಪಳಿಲ್ಲ.
ಗಾಜಿನ ಚೂರು ನಿಪ್ಪಲ್ಲಿನ ಡಬ್ಬ್ಯಾಗ ಅದ,
ಬ್ಯಾರೇನರ ಹುಡಕೂವಾಗ ಬೆರಳಿಗೆ ಹತ್ತತದ.

ನಿನ್ನಿ ತುಷಾರ ಬಂದಿದ್ದ. "ಹವಾ ನೋಡು ಕಾಕಾ."
ಮುಂದಿನ ಗಾಲಿಗೆ ಗೇಜು ಹಿಡದೆ.
ಒಂದು ಪಾಯಿಂಟೂ ಇಳಿದಿಲ್ಲ.
ನನ್ನ ಕೈ ತೇಪಿ, ಭಾಳ ಗಟ್ಟಿ.