ಹಿಂದಿನದಕ್ಕೂ ಹಿಂದೆ

ಗೂಡಿನ ಮಾರ್ಕೆಟ್ಟಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಲಾಟು ಕೂಗಿದ ಗಂಟಲು ನನ್ನದು.
ಶಿಡ್ಲಘಟ್ಟದ ಮಿಶ್ರತಳಿ ಜಾಲರಿಗೆ ಸುರಿಯುವಾಗ
ಗಿಲಗಿಲ ಅನ್ನುತ್ತದೆ, ಒಳಗೆ ಹುಳು ಅಲ್ಲಾಡಿ.
ಆ ಸದ್ದಿನ ಮೇಲೆ ನನ್ನ ದನಿ ಏರಬೇಕಿತ್ತು.
ಕಂಪ್ಯೂಟರು ಬಂತು, ಹರಾಜಿಗೆ ಬಾಯಿ ಹೋಯಿತು,
ರೀಲರುಗಳು ಈಗ ಬೆರಳಲ್ಲೇ ಬೆಲೆ ಒತ್ತುತ್ತಾರೆ.
ಮಿಕ್ಕ ಗಂಟಲಿಗೆ ರಾತ್ರಿ ಎಂಟರ ಮೇಲೆ ಕೆಲಸ:
ಮೊಮ್ಮಗಳು ಲಿಖಿತಾಳ ಫ್ರೆಂಚ್ ಒಪ್ಪಿಸಿಕೊಳ್ಳುವುದು.

ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಹಾಕಿಕೊಟ್ಟಿದ್ದಾಳೆ.
ನಾನು ಕೂಗುತ್ತೇನೆ:
ಜಾವೇ, ತು ಆವೇ, ಇಲಾವೇ,
ನೂಜಾವ್ಯೋ, ವೂಜಾವ್ಯೇ, ಇಲ್ಜಾವೇ,
ಯಾರದು ಮೇಲೆ, ಇನ್ನೊಂದ್ರುಪಾಯಿ ಯಾರದು?
ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ.

ಇದು ಯಾವ ಕಾಲ, ಅಂದೆ.
"ಆಗಿಹೋದದ್ದಕ್ಕಿಂತ ಮುಂಚೇನೇ ಆಗಿಹೋಗಿದ್ದದ್ದು, ತಾತ."
ಓ, ಅದು ಗೊತ್ತು.
ನಾವು ಬಾಗಿಲು ತೆಗೆಯುವ ಹೊತ್ತಿಗೆ
ರಾಮನಗರದಲ್ಲಿ ರೇಟು ಬಿದ್ದಿತ್ತು.
ಅದೇ, ಅಂದಳು. ಆದರೆ ಅವರಿಗೆ ಊರುಗೋಲು ಎರಡು.
ತಿಂದದ್ದಕ್ಕೆ ಕೊಂಡದ್ದಕ್ಕೆ ನೋಡಿದ್ದಕ್ಕೆ
'ಇಟ್ಟುಕೊಂಡಿದ್ದೆ' ಅನ್ನುವ ಗೋಲು;
ಹೋದದ್ದಕ್ಕೆ ಬಂದದ್ದಕ್ಕೆ ಹುಟ್ಟಿದ್ದಕ್ಕೆ ಸತ್ತದ್ದಕ್ಕೆ
ಬರೀ 'ಇದ್ದೆ.'

ನಮಗೆ ಎಲ್ಲಕ್ಕೂ ಒಂದೇ ಸಾಕಾಯ್ತಲ್ಲ:
ತಿಂದಿದ್ದೆ, ಹೋಗಿದ್ದೆ, ಅವನು ಸತ್ತಿದ್ದ.
ದುಡ್ಡು ಕೂಡ ನಮ್ಮ ಹತ್ತಿರ ಇರುತ್ತೆ, ಅಷ್ಟೆ.
ಪುಸ್ತಕದಲ್ಲಿ 'ಹೊಂದು' ಅಂತ ಇದೆ ಅನ್ನುತ್ತಾಳೆ,
ಸಂತೆಯಲ್ಲಿ ಯಾರೂ ಹೊಂದಿದ್ದು ನಾನು ಕೇಳಿಲ್ಲ.

ಎಲೆತೇ ಸೋರ್ತೀ: ಅವಳು ಹೊರಗೆ ಹೋಗಿದ್ದಳು.
ಈ ಮಾತಿಗೆ ನಮ್ಮ ಮಾರ್ಕೆಟ್ಟಿನಲ್ಲಿ ಬೆಲೆಯಿಲ್ಲ ಮಗಾ.
ಚಿಟ್ಟೆ ಹೊರಗೆ ಹೋಗಿದ್ದರೆ ಅದು ತೂತುಗೂಡು,
ಆರಿಸಿ ಬೇರೆ ಬುಟ್ಟಿಗೆ ಎಸೆಯುತ್ತಿದ್ದೆವು.
ಒಳ್ಳೆ ಗೂಡು ಅಂದರೆ
ಒಳಗಿದ್ದದ್ದು ಎಲ್ಲಿಗೂ ಹೋಗಿರಬಾರದು.

"ಹೆಂಗಸಾದರೆ ಕೊನೆಗೆ ಒಂದಕ್ಷರ ಜಾಸ್ತಿ ತಾತ.
ಸದ್ದು ಬರಲ್ಲ. ಬರೆಯಬೇಕು, ಅಷ್ಟೆ."

ಅಡುಗೆಮನೆಯಲ್ಲಿ ಮುದ್ದೆ ಕೋಲು ನಿಂತಿತು.
ಅಕ್ಕಯಮ್ಮ ಬಾಗಿಲಿಗೆ ಬಂದಳು, ಕೈಯೆಲ್ಲ ಹಿಟ್ಟು.
ಬೆರಳ ತುದಿಯಲ್ಲಿ ಗೆರೆಗಳೇ ಇಲ್ಲ ಅವಳಿಗೆ;
ಕುದಿಯುವ ಬಾಂಡ್ಲಿಯಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಸವೆದುಹೋಗಿವೆ. ರೇಷನ್ ಮಿಷನ್ನು ಅವಳನ್ನು ಒಪ್ಪುವುದಿಲ್ಲ.

ತೊಂಬತ್ತಾರೋ ತೊಂಬತ್ತೇಳೋ.
ಸೊಸೈಟಿಯಲ್ಲಿ ಪುಸ್ತಕ ಮುಂದಿಟ್ಟಿದ್ದರು.
ನಾನು ಇಂಕಿನ ಪ್ಯಾಡು ಬಿಚ್ಚಿ
ಅವಳ ಹೆಬ್ಬೆಟ್ಟಿಗೆ ಕೈ ಚಾಚುವಷ್ಟರಲ್ಲಿ
ಅವಳು ಸಹಿ ಹಾಕಿದ್ದಳು.
'ಅ' ದಪ್ಪಗೆ, 'ಮ್ಮ' ಗೆರೆ ದಾಟಿ ಆಚೆ ಹೆಸರಿಗೆ ತಾಗಿತ್ತು.
ಯಾರು ಕಲಿಸಿದ್ದರು, ಯಾವ ಹೊತ್ತಿನಲ್ಲಿ ಕಲಿತಿದ್ದಳು,
ದಾರಿಯಲ್ಲಿ ಕೇಳಬೇಕು ಅಂದುಕೊಂಡಿದ್ದೆ.
ಪ್ಯಾಡಿನ ಮುಚ್ಚಳ ಹಾಕುವುದರಲ್ಲೇ
ನನ್ನ ಬೆರಳು ನೀಲಿಯಾಗಿತ್ತು.

"ಸಹಿ ಹಾಕಿದ್ದಕ್ಕೂ ಇಡ್ತಾರಾ ಆ ಅಕ್ಷರ?"
ಲಿಖಿತಾ ಪುಟ ತಿರುವಿದಳು. ಎಲಾವೇ ಸೀನ್ಯೇ.
"ಇಲ್ಲಜ್ಜಿ. ಸಹಿ ಮೊದಲನೇ ಗೋಲಿಂದು.
ಅಲ್ಲಿ ಗಂಡಾದ್ರೂ ಹೆಣ್ಣಾದ್ರೂ ಒಂದೇ."
"ಹಂಗಾದ್ರೆ ಹೋಗೋದು ಬರೋದು ಸಾಯೋದಕ್ಕೆ ಮಾತ್ರ
ಹೆಂಗಸು ಅಂತ ಗೊತ್ತಾಗಬೇಕೇನೋ ಅವರಿಗೆ?"
ಬಗ್ಗಿ ನೋಡಿದಳು, ಕನ್ನಡಕವಿಲ್ಲದೆ.
"ಸಿಕ್ಕು ಬಿದ್ದ ಎಳೆ ಥರ ಐತೆ," ಅಂದು ಒಳಗೆ ಹೋದಳು.

ಇನ್ನೊಂದು ಸುತ್ತು ಕೂಗಿಸಿ ಏಳುವಷ್ಟರಲ್ಲಿ
ಮುದ್ದೆ ಆರಿತ್ತು.
'ಆರು' ಯಾವ ಗೋಲಿಗೆ ಸೇರುತ್ತೆ, ಲಿಖಿತಾ?
ಅವಳು ಆಗಲೇ ಒಂದು ತುತ್ತು ನುಂಗಿದ್ದಳು.