ನಾಲ್ಕನೇ ವಾಲ್ವು

ಕೊಳ್ಳಬಹುದೇ ಎಂದು ಕೇಳುತ್ತೀರಿ.
ನಿಮ್ಮ ಸೊಸೈಟಿಗೂ ಹುಲ್ಲಿದೆ, ಟ್ಯಾಂಕರಿನ ಬಿಲ್ಲಿದೆ,
ಉಂಡ್ರಿಯಲ್ಲಿ ಯಾರಿಗಿಲ್ಲ.
ಕೂತುಕೊಳ್ಳಿ. ಖಜಾಂಚಿ ನಾನು,
ರಸೀದಿ ನೋಡದೆ ಮಾತಾಡುವವಳಲ್ಲ.

ಪೆಟ್ಟಿಗೆಗೆ ಇಪ್ಪತ್ತೆಂಟು ಸಾವಿರ.
ಆರು ವಾಲ್ವು, ನೀರಳೆವ ಮೀಟರು, ವೈರಿಂಗು,
ಅಗೆದ ಫರಸಿ ಮತ್ತೆ ಕೂರಿಸಿದ್ದು,
ಎಲ್ಲ ಸೇರಿ ಅರವತ್ತೊಂದು.
ಊಟದ ಡಬ್ಬಿಯಷ್ಟಿದೆ. ಪಂಪು ಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗಿಸಿದ್ದೇವೆ.
ಆಕಾಶವನ್ನು ಕೇಳಿಕೊಂಡು ನೀರು ಬಿಡುತ್ತದಂತೆ
ಎಂದರು ಚೇರ್ಮನ್ ಆಗಾಶೆ,
ಮೊಮ್ಮಗನ ಮಾರ್ಕ್ಸ್ ಕಾರ್ಡು ತೋರಿಸುವವರ ಹಾಗೆ.

ಅದು ಕೇಳುವುದು ಶಿವಾಜಿನಗರದ ಆಕಾಶವನ್ನು.
ಜೂನ್ ಆರಕ್ಕೆ ಅಲ್ಲಿ ಮಳೆ.
ಇಲ್ಲಿ ಬರೀ ಗಾಳಿ, ಸಿಮೆಂಟಿನ ಧೂಳು.
ಮಳೆಯಾಗಿದೆ, ಇಂದು ರಜೆ ಎಂದು
ನಾಲ್ಕು ದಿನ ಕೂತುಬಿಟ್ಟಿತು ಪೆಟ್ಟಿಗೆ.
ಮಾಳಿ ಹುಲಗಪ್ಪ ಬರಿಗಾಲಲ್ಲಿ ಒಂದು ಸುತ್ತು ನಡೆದು
"ಹುಲ್ಲು ಚುಚ್ಚಾಕತ್ತೈತ್ರಿ ಅಕ್ಕಾರ" ಎಂದ.
ಸುರಪುರದವನು. ಇಪ್ಪತ್ತು ವರ್ಷ ಈ ಊರಲ್ಲಿ,
ಮರಾಠಿ ಕಿಸೆಯಲ್ಲಿ, ಕನ್ನಡ ಹಲ್ಲಿನ ಸಂದಿಯಲ್ಲಿ.
ಅಂಗಾಲೇ ಅವನ ಮೀಟರು.

ಆದರೂ ಲೆಕ್ಕ ಲೆಕ್ಕವೇ.
ತಿಂಗಳಿಗೆ ಐದು ಟ್ಯಾಂಕರು ಕಡಿಮೆ, ಒಂದಕ್ಕೆ ಸಾವಿರದ ನಾನೂರು.
ಒಂಬತ್ತು ಒಣ ತಿಂಗಳಿಗೆ ಹಣ ಮರಳಿತು.
ಇಲ್ಲಿಗೆ ನಿಲ್ಲಿಸಿದರೆ ಉತ್ತರ: ಕೊಳ್ಳಿ.

ನಿಲ್ಲಿಸಲಾರೆ.
ಏಪ್ರಿಲ್ಲಿನ ಒಂದು ರಾತ್ರಿ ಎರಡು ನಲವತ್ತಕ್ಕೆ
ಫೋನು ದಿಂಬಿನಡಿ ಗುರ್ರೆಂದಿತು:
ನಾಲ್ಕನೇ ವಾಲ್ವು. ಸೋರಿಕೆ. ಮೂವತ್ತಾರು ಲೀಟರು.
ಮರುರಾತ್ರಿಯೂ. ಅದರ ಮರುರಾತ್ರಿಯೂ.
ಪ್ಲಂಬರನನ್ನು ಕರೆಯುವ ಮೊದಲು ನಾನೇ ಇಳಿದೆ,
ನೈಟಿಯ ಮೇಲೆ ಶಾಲು, ಕೈಯಲ್ಲಿ ಬ್ಯಾಟರಿ.

ಕಾಂಪೌಂಡಿನ ಮೂಲೆ. ಆಚೆ
ಹದಿನಾಲ್ಕನೇ ಮಹಡಿಗೆ ನಿಂತ ಹೊಸ ಟವರು,
ಅದರ ಬುಡಕ್ಕೆ ತಗಡಿನ ಮನೆಗಳು.
ಗೋಡೆಯ ತೂತಿನಲ್ಲಿ ತೂರಿಹೋದ ಹಸಿರು ಪೈಪು.
ಕೊಡಕ್ಕೆ ಬೀಳುವ ನೀರು
ಮೊದಲು ದಡಬಡ, ಆಮೇಲೆ ತೆಳ್ಳಗೆ,
ಕಂಠಕ್ಕೆ ಬಂದಾಗ ಸಣ್ಣ ಸೀಟಿ.
ಯಾರೋ ಕೆಮ್ಮಿದರು. ಬಳೆ. ಇನ್ನೊಂದು ಕೊಡ.
ಈಚೆಗೆ, ವಾಲ್ವಿನ ಮೇಲೆ ಕೈಯಿಟ್ಟು
ಕುಕ್ಕರಗಾಲಲ್ಲಿ ಹುಲಗಪ್ಪ.
ನನ್ನನ್ನು ನೋಡಿ ಏಳಲಿಲ್ಲ.
"ತುಂಬ್ಲಿ, ತಡೀರಿ" ಎಂದ.
ಬ್ಯಾಟರಿ ಆರಿಸಿದೆ.

ಎಷ್ಟು ಬೇಸಿಗೆಯಿಂದಲೋ ನಡೆದದ್ದು,
ಯಾವ ಕಾಗದಕ್ಕೂ ಗೊತ್ತಿರಲಿಲ್ಲ.
ಈ ಡಬ್ಬಿ ಹಿಡಿಯಿತು. ಅಳೆಯಿತು, ಗಳಿಗೆ ಹೇಳಿತು.
ಹೆಸರಿಡುವಾಗ ಮಾತ್ರ ಎಡವಿತು.

ಆಗಾಶೆಯವರಿಗೆ ಹೇಳಿಲ್ಲ. ನೀವೂ ಹೇಳುವುದಿಲ್ಲ.
ಸೆಟ್ಟಿಂಗಿನೊಳಗೆ ಒಂದು ಖಾನೆಯಿದೆ:
ಎಷ್ಟು ಸೋರಿದರೆ ಎಚ್ಚರಿಸಲಿ?
ಹತ್ತು ಎಂದಿತ್ತು, ಐವತ್ತು ಒತ್ತಿದೆ.
ಮೇ ಬಂತು. ಎಪ್ಪತ್ತೈದು.
ಮೂವತ್ತು ವರ್ಷ ಬ್ಯಾಂಕಿನಲ್ಲಿ
ಒಂದು ಪೈಸೆ ಆಚೀಚೆ ಮಾಡದ ಬೆರಳು, ನೋಡಿ, ಇದೇ.

ಹ್ಞೂಂ, ಕೊಳ್ಳಿ. ದುಡ್ಡು ಉಳಿಯುತ್ತದೆ, ಅದು ಸುಳ್ಳಲ್ಲ.
ಪಾಸ್‌ವರ್ಡು ಯಾರ ಕೈಗೆ ಎಂಬುದನ್ನು ಮಾತ್ರ
ಮೊದಲು ತೀರ್ಮಾನಿಸಿ,
ಗೋಡೆಗೆ ಮೊಳೆ ಹೊಡೆಯುವ ಮೊದಲು.
ಚಹಾ ಆರಿತು. ಕುಡಿಯಿರಿ.