ಕಾಜಾ

ದಿನಕ್ಕೆ ಸಾವಿರದಿನ್ನೂರು ಪ್ಯಾಂಟಿಗೆ ಕಾಜಾ ಹೊಡೆಯುತ್ತೇನೆ,
ಬಳ್ಳಾರಿಯ ಕೌಲ್ ಬಜಾರು, ಹಿಂದಿನ ಓಣಿ, ತಗಡಿನ ಶೆಡ್ಡು.
ಮಷೀನು ಕಟಕಟ ಕಚ್ಚಿ ಬಿಟ್ಟರೆ ಒಂದು ತೂತು,
ಪೀಸಿಗೆ ಇಷ್ಟು ಪೈಸೆ.
ಉಗುರಿನ ಸಂದಿಯ ನೀಲಿ
ರೊಟ್ಟಿ ತಟ್ಟಿದರೂ ಹೋಗುವುದಿಲ್ಲ.
ಯಾವ ಊರಿನ ಯಾರ ಸೊಂಟಕ್ಕೋ ಏರುವ ಪ್ಯಾಂಟು;
ಅವರು ಬೇರೇನೋ ಮಾತಾಡುತ್ತಾ ಗುಂಡಿ ಹಾಕಿಕೊಳ್ಳುತ್ತಾರೆ.

ಮನೆಯಲ್ಲಿ ನನ್ನ ದಸ್ತಗೀರ, ಒಂಬತ್ತು ತುಂಬಿತು,
ಅಂಗಿ ತೆರೆದುಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ
ನಾನು ಬರುವ ತನಕ.
ಬಂದಿದ್ದೇನೆ, ಹಾಕಿದ್ದೇನೆ, ದಿನಾ ಐದೈದು ಗುಂಡಿ,
ಕೂಡಿಸಿದರೆ ಒಂದು ಲಾರಿ ಲೋಡಾದೀತು.

ಮಂಗಳವಾರ, ಶಾಲೆಯ ಹಳೇ ಅಕ್ಕಿ ಕೋಣೆಯಲ್ಲಿ
ಇಂಥ ಮಕ್ಕಳ ತಂದೆತಾಯಿಗೆ ತರಬೇತಿ ಅಂತ ಕರೆದರು.
ಅರ್ಧ ದಿನದ ಕೂಲಿ ಹೋಯಿತಲ್ಲ ಅಂತಲೇ ಕೂತೆ.
ಬಾರದ್ದು ಮಗನಿಗೆ; ಕಲಿಸುವುದು ನನಗ್ಯಾಕೆ?

ಪಂಪಾವತಿ ಮೇಡಂ ಕೇಳಿದರು,
"ಗುಂಡಿ ಹಾಕೋದು ಎಷ್ಟು ಕೆಲಸ, ಹೊನ್ನೂರಬೀ?"
ಒಂದು, ಅಂದೆ. ನಗು ಬಂತು,
ಈ ಊರಲ್ಲಿ ಇದನ್ನು ನನ್ನನ್ನು ಕೇಳಬೇಕಾ!
ನನ್ನ ಎರಡೂ ಕೈಗೆ ಉಣ್ಣೆಯ ಕಾಲುಚೀಲ ತೊಡಿಸಿ
ಪುಟ್ಟ ಅಂಗಿಯೊಂದನ್ನು ಮುಂದಿಟ್ಟರು. "ಹಾಕ್ರಿ."

ಆಗಲಿಲ್ಲ.
ಬೆರಳು ಎಲ್ಲಿದೆಯೋ ಬೆರಳಿಗೇ ಗೊತ್ತಿಲ್ಲ.
ಅಂಚು ಸಿಕ್ಕರೆ ತೂತು ಕಾಣದು,
ತೂತು ಸಿಕ್ಕಾಗ ಗುಂಡಿ ಜಾರಿ ಎಲ್ಲೋ.
ಪಕ್ಕದವಳು "ಬೇಗ, ಬೇಗ, ಬೇಗ" ಅನ್ನತೊಡಗಿದಳು;
ಮೇಡಂ ಹೇಳಿಕೊಟ್ಟಿದ್ದರಂತೆ ಹಾಗನ್ನು ಅಂತ.
ಆ ದನಿ ನನಗೆ ಗೊತ್ತು.
ಬೆಳಗಿನ ಏಳೂವರೆಯ ನನ್ನದೇ ದನಿ.

ಆಮೇಲೆ ಎಣಿಸಿದೆವು: ಏಳು ಕೆಲಸ.
ಕೊನೆಯದನ್ನು ಮೊದಲು ಕಲಿಸಿ, ಅಂದರು.
ಆರು ನೀವು ಮಾಡಿ, ತೂತಿನಿಂದ ಇಣುಕಿದ ಗುಂಡಿಯನ್ನು
ಎಳೆಯುವುದಷ್ಟೇ ಅವನಿಗೆ ಬಿಡಿ.
ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು, ಹತ್ತು ಎಣಿಸಿ.

ಹತ್ತು!
ಅಷ್ಟರಲ್ಲಿ ಎರಡು ಕಾಜಾ ಬೀಳುತ್ತವೆ.
ಕಾಯುವುದಕ್ಕೆ ಯಾವ ಶೆಡ್ಡಿನಲ್ಲೂ ರೇಟಿಲ್ಲ,
ಕಲಿತೇ ಇಲ್ಲ ಈ ಕೈ.

ಸಂಡೂರಿನ ಅದಿರು ಲಾರಿ ಓಡಿಸುವ ಹುಲುಗಪ್ಪ
ಮೂರು ವಾರ ಬಾಯಿ ಬಿಟ್ಟಿರಲಿಲ್ಲ.
ಗೋಡೆ ನೋಡುತ್ತಲೇ ಅಂದ,
"ಪರ್ಮಿಟ್ಟಿಗಂತ ಚೆಕ್‌ಪೋಸ್ಟಿನ್ಯಾಗ ಎರಡು ದಿನ ಕಾದೀನ್ರಿ.
ಮಗಳು ತುತ್ತು ಎತ್ತಿಕೊಳ್ಳಾಕ
ಎರಡು ನಿಮಿಷ ಕಾದಿಲ್ಲ."
ಯಾರೂ ಏನೂ ಅನ್ನಲಿಲ್ಲ.
ಯಾರೋ ಚಾ ಲೋಟ ಅವನ ಕಡೆ ಸರಿಸಿದರು.

ಅತ್ತೆಯ ಗೊಣಗು: ತಾಯತ ಕಟ್ಟಿಸೋದು ಬಿಟ್ಟು
ಗುಂಡಿಯ ಪಾಠಕ್ಕೆ ಹೋಗ್ತಾಳಂತೆ ಈಕೆ.
ಗಂಡನದು ಒಂದೇ ಪ್ರಶ್ನೆ, ಯಾವಾಗ ಸರಿಹೋಗ್ತಾನೆ?
ಅದನ್ನು ನಾನೂ ಒಯ್ದಿದ್ದೆ ಮೇಡಂ ಹತ್ತಿರ.
ಅವರು ಪುಸ್ತಕ ತೆರೆದು, ಪೆನ್ನು ಹಿಡಿದು,
"ನಿನ್ನೆ ಏನು ಮಾಡಿದ, ಹೇಳ್ರಿ" ಅಂದರು.

ನಿನ್ನೆ ಎಳೆದ. ಮೊನ್ನೆ ಬಿಸಾಡಿದ. ಅದರ ಹಿಂದಿನ ದಿನ ಕಚ್ಚಿದ.

ಸೂಪರ್‌ವೈಸರ್ ಕಣ್ಣು ತಪ್ಪಿಸಿ
ಜೀನ್ಸಿನ ವೇಸ್ಟ್ ತುಂಡಿನಲ್ಲಿ ಅಗಲ ತೂತು ಹೊಡೆದು
ಹಳೇ ಕೋಟಿನ ದೊಡ್ಡ ಗುಂಡಿ ಹೊಲಿದು ತಂದೆ.
ಇಷ್ಟು ವರ್ಷದಲ್ಲಿ
ಅವನಿಗೆಂದು ಹೊಡೆದ ಮೊದಲ ಕಾಜಾ.
ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ.

ರಂಜಾನ್ ಹೋಯಿತು, ಬಕ್ರೀದ್ ಹೋಯಿತು.
ಏಳರಿಂದ ಆರು, ಆರರಿಂದ ಐದು,
ನಡುವೆ ಜ್ವರ ಬಂದು ಮತ್ತೆ ಏಳು.

ಈ ಬೆಳಿಗ್ಗೆ ಐದೂ ಅವನೇ ಹಾಕಿದ,
ಒಂದು ಮನೆ ತಪ್ಪಿ.
ಮೇಲೆ ಒಂದು ಕಾಜಾ ಖಾಲಿ,
ಕೆಳಗೆ ಒಂದು ಗುಂಡಿ ಒಂಟಿ,
ಕಾಲರಿನ ಒಂದು ಕಿವಿ ಮೇಲೆದ್ದಿದೆ.
ನನ್ನ ಕೈ ಆಗಲೇ ಅವನ ಎದೆಯ ಹತ್ತಿರ ಹೋಗಿತ್ತು.
ಹಿಂದೆ ಕಟ್ಟಿದೆ. ಎಂಟು, ಒಂಬತ್ತು,
ಹತ್ತು, ಹನ್ನೊಂದು.

ಅವನು ಓಣಿಗಿಳಿದು
ಹುಸೇನಮ್ಮನ ಆಡಿನ ಮುಂದೆ ಎದೆಯುಬ್ಬಿಸಿ ನಿಂತ.
ಅದು ಮೆಲುಕು ನಿಲ್ಲಿಸಿ ನೋಡಿತು.

ಶೆಡ್ಡಿಗೆ ಅರ್ಧ ತಾಸು ಲೇಟು.